ಕ್ಯಾಸೆಟ್ಟಿನಲ್ಲಿ ಇಲ್ಲದ ಭಾಗ

ನಮ್ಮನೆಯವರು ಮಾಂಬಳ್ಳಿಯಲ್ಲಿ ಅರಿಸಿನ, ಕಬ್ಬು ಬೆಳೆಯುವ ರೈತರು. ಮಾತು ಕಡಿಮೆ. ವಿಭೂತಿ ಇಟ್ಟುಕೊಳ್ಳದೆ ಮನೆಯಿಂದ ಹೊರಗೆ ಕಾಲಿಡುವವರಲ್ಲ. ಇಂಥವರ ಬೀರುವಿನಲ್ಲಿ ತೊಂಬತ್ತರ ದಶಕದ ಇಂಗ್ಲಿಷ್ ಮೆಟಲ್, ರಾಕ್ ಕ್ಯಾಸೆಟ್ಟುಗಳು ನಲವತ್ತಕ್ಕೂ ಹೆಚ್ಚು ಇವೆ ಎಂದರೆ ನೆಂಟರು ಯಾರೂ ನಂಬುವುದಿಲ್ಲ. ಮೈಸೂರಿನಲ್ಲಿ ಬಿ.ಎಸ್ಸಿ. ಓದುವಾಗ ಹಾಸ್ಟೆಲಿನಲ್ಲಿ ಕೈಯಿಂದ ಕೈಗೆ ದಾಟಿ ಬಂದು ಇವರ ಹತ್ತಿರವೇ ಉಳಿದುಕೊಂಡವು. ಹೆಚ್ಚಿನವಕ್ಕೆ ಜೆರಾಕ್ಸ್ ಮಾಡಿದ ಕವರು.

ಭಾನುವಾರ ಪೂಜೆ ಮುಗಿಸಿ ಜಗಲಿಯಲ್ಲಿ ಟೇಪ್‌ರೆಕಾರ್ಡರ್ ಇಟ್ಟುಕೊಂಡು ಒಂದು ಆಲ್ಬಂ ಪೂರ್ತಿ ಕೇಳುತ್ತಾರೆ. ತಲೆ ಕುಣಿಸುವುದಿಲ್ಲ, ತಾಳ ಹಾಕುವುದಿಲ್ಲ. ಕಾಲಿನ ಹೆಬ್ಬೆರಳು ಮಾತ್ರ ಅಲ್ಲಾಡುತ್ತಿರುತ್ತದೆ. ನಮ್ಮತ್ತೆ ಇದ್ದಾಗ ಅಡುಗೆಮನೆಯಿಂದಲೇ ಕೂಗುತ್ತಿದ್ದರು: "ಇದೇನ್ಲಾ, ಗಾಣದೊಳಕ್ಕೆ ಕಲ್ ಬಿದ್ದಂಗೆ! ನಿಲ್ಸ್ಲಾ ಅತ್ಲಾಗಿ."

ಮದುವೆಯಾದ ವರ್ಷ ಒಂದು ಸಲ ಕೇಳಿದ್ದೆ, "ಅಷ್ಟು ಕಿರುಚ್ತಾನಲ್ಲ, ಏನಂತೆ ಅವನಿಗೆ?"

"ನಂಗೂ ಪೂರ್ತಿ ತಿಳಿಯಾಕಿಲ್ಲ. ಏನೋ ಸಿಟ್ಟು ಅದೆ" ಎಂದರು. ಅದಾದ ಮೇಲೆ ನಾವಿಬ್ಬರೂ ಆ ವಿಷಯ ಮಾತಾಡಲೇ ಇಲ್ಲ.

ಆ ಆಲ್ಬಮ್ಮುಗಳ ಹೆಸರು ನನ್ನ ನಾಲಿಗೆಗೆ ಹತ್ತಲಿಲ್ಲ. ನನ್ನಷ್ಟಕ್ಕೆ ನಾನೇ ಒಂದೊಂದಕ್ಕೆ ಹೆಸರಿಟ್ಟುಕೊಂಡೆ. ಅತ್ತೆಯ ಮಾತಿನಿಂದ ಒಂದು ಆಲ್ಬಂ 'ಗಾಣ' ಆಯಿತು. ಇನ್ನೊಂದು 'ಗುಡುಗು'. ಹೀಗೆ ಇಪ್ಪತ್ತೆರಡು ವರ್ಷ ತರಕಾರಿ ಹೆಚ್ಚುತ್ತಾ, ರೊಟ್ಟಿ ತಟ್ಟುತ್ತಾ, ಬೇಡವೆಂದರೂ ಕೇಳಿಸಿಕೊಂಡೆ.

ನನ್ನದು ಕೊಳ್ಳೇಗಾಲದ ತಾಲ್ಲೂಕು ಆರೋಗ್ಯ ಕಚೇರಿಯಲ್ಲಿ ಗುಮಾಸ್ತೆ ಕೆಲಸ. ಆಗಾಗ ಹಳ್ಳಿಯ ಆಸ್ಪತ್ರೆಗಳಿಗೆ ಹೋಗಿ ಲಸಿಕೆಯ ರಿಜಿಸ್ಟರ್ ನೋಡಿ ಬರಬೇಕು. ಹೋದ ವರ್ಷ ಹನೂರಿನ ಮೇಲೆ ರಾಮಾಪುರಕ್ಕೆ ಹೋದೆ. ಲಸಿಕೆಯ ಕೋಣೆಯಲ್ಲಿ ಒಬ್ಬ ನರ್ಸು ಫ್ರಿಜ್ಜಿನ ಮುಂದೆ ಕೂತು ಪೆಟ್ಟಿಗೆಗಳನ್ನು ಜೋಡಿಸುತ್ತಿದ್ದರು. ಹೆಚ್ಚುಕಡಿಮೆ ನನ್ನದೇ ವಯಸ್ಸು. ಪಕ್ಕದ ಸ್ಟೂಲಿನ ಮೇಲೆ ಮೊಬೈಲು ಮೆಲ್ಲಗೆ ಹಾಡುತ್ತಿತ್ತು.

ಬಾಗಿಲಲ್ಲೇ ನಿಂತುಬಿಟ್ಟೆ. ಅದು 'ಗಾಣ'. ಎರಡನೇ ಸೈಡಿನ ಮೂರನೇ ಹಾಡು.

ನಮ್ಮನೆಯ ಕ್ಯಾಸೆಟ್ಟಿನಲ್ಲಿ ಆ ಹಾಡಿನ ನಡುವೆ ಅವನು ಒಂದು ಸಲ ಉದ್ದಕ್ಕೆ ಕಿರುಚುತ್ತಾನೆ. ಅದು ನಿಲ್ಲುತ್ತಿದ್ದಂತೆ ಟಕ್ ಎಂದು ಸದ್ದಾಗಿ ಡ್ರಮ್ಮು ಶುರುವಾಗುತ್ತದೆ. ನಾನು ಆ ಟಕ್ಕಿಗೆ ಕಾಯುತ್ತಾ ನಿಂತೆ. ಅದು ಬರಲಿಲ್ಲ. ಕಿರುಚಾಟದ ಬೆನ್ನಿಗೆ ಎಲ್ಲ ವಾದ್ಯವೂ ನಿಂತು ಒಂದೇ ಒಂದು ಗಿಟಾರು ಸಣ್ಣಗೆ ನುಡಿಯಿತು. ಅದೇ ಮನುಷ್ಯ, ಮಗುವನ್ನು ತಟ್ಟಿ ಮಲಗಿಸುವವನ ಹಾಗೆ, ಮೆತ್ತಗೆ ಹಾಡತೊಡಗಿದ.

"ಇದೆಲ್ಲಿತ್ತು?" ಎಂದುಬಿಟ್ಟೆ.

ನರ್ಸು ತಿರುಗಿ ನೋಡಿ ಗಾಬರಿಯಿಂದ ಮೊಬೈಲು ಆಫ್ ಮಾಡಿದರು. "ಸಾರಿ ಮೇಡಂ."

"ಅಯ್ಯೋ, ಹಾಕಿ ಸಿಸ್ಟರ್. ಈ ಭಾಗ ನಮ್ಮನೆ ಕ್ಯಾಸೆಟ್ಟಿನಲ್ಲಿ ಇಲ್ಲ."

"ಮೇಡಂ, ನಿಮ್ಗೆ ಈ ಪಾಟ್ಟು ಗೊತ್ತಾ?" ಎಂದು ಅವರು ಎದ್ದೇ ನಿಂತರು.

ಅವರ ಮನೆಮಾತು ತಮಿಳು. ಬೆಂಗಳೂರಿನಲ್ಲಿ ನರ್ಸಿಂಗ್ ಓದುವಾಗ ಜೊತೆಯಲ್ಲಿದ್ದ ಮಿಜೋರಾಮಿನ ಹುಡುಗಿ ಇದನ್ನೆಲ್ಲ ಕಲಿಸಿದಳಂತೆ. ಈ ಕಡೆಗೆ ಬಂದ ಮೇಲೆ ಇದರ ಬಗ್ಗೆ ಮಾತಾಡಿದ ಮೊದಲನೆಯವಳು ನಾನೇ ಅಂತೆ. ನನಗೆ ಬ್ಯಾಂಡಿನ ಹೆಸರೂ ಬಾರದು ಎಂದರೆ ನಂಬಲಿಲ್ಲ. ಹಾಡನ್ನು ನನ್ನ ಮೊಬೈಲಿಗೆ ಕಳಿಸಿದರು. ರಿಜಿಸ್ಟರ್ ಎಲ್ಲ ಸರಿಯಾಗಿತ್ತು. ಸಹಿ ಹಾಕಿ ಬಂದೆ.

ಸಂಜೆ ಇವರಿಗೆ ಕೇಳಿಸಿದೆ. ಮೆತ್ತಗಿನ ಭಾಗ ಬಂದಾಗ ಹೆಬ್ಬೆರಳು ನಿಂತಿತು.

"ನಮ್ ಕೈಗೆ ಬರೋವಾಗ್ಲೇ ರೀಲ್ ಕತ್ತರ್ಸಿ ಅಂಟ್ಸಿದ್ರು" ಎಂದರು.

"ಮೊಬೈಲಲ್ಲಿ ಹುಡುಕಬಹುದಿತ್ತಲ್ಲ?"

"ಇಷ್ಟೇ ಅನ್ಕಂಡಿದ್ದೆ ಕಣೇ. ಇಲ್ದೇ ಇರೋದ್ನ ಎಂಗೆ ಹುಡುಕೋದು?" ಆಮೇಲೆ ಮೊಬೈಲು ನನ್ನ ಕೈಗೆ ಕೊಟ್ಟು, "ಇದು ಬೇಕಿರ್ನಿಲ್ಲ. ಸಿಟ್ಟೆಲ್ಲ ಇಳ್ದೋಯ್ತು."

ನನಗೆ ಸಿಟ್ಟು ಬಂತು. ಯಾಕೆಂದು ಆಗ ತಿಳಿಯಲಿಲ್ಲ. ನನಗೆ ಇಷ್ಟವಾದದ್ದು ಅದೊಂದೇ ಜಾಗ.

ಮುಂದಿನ ತಿಂಗಳು ಆ ನರ್ಸು ಯಳಂದೂರಿಗೆ ಟ್ರೈನಿಂಗಿಗೆ ಬಂದಾಗ ಮನೆಗೆ ಊಟಕ್ಕೆ ಕರೆದೆ. ಇವರು ಬೆಳಗಿನಿಂದ ಹತ್ತಿ, ಸ್ಪಿರಿಟ್ಟು ಹಿಡಿದು ಟೇಪ್‌ರೆಕಾರ್ಡರಿನ ಹೆಡ್ಡು ಒರೆಸುತ್ತಿದ್ದರು. ಇಸ್ತ್ರಿ ಮಾಡಿದ ಷರಟು ಬೇರೆ. ಆಕೆ ಬಂದು ಕೂತ ಮೇಲೆ ಇಬ್ಬರದೂ ಬರೀ ಉಪಚಾರದ ಮಾತು. ಬಸ್ಸು ಸಿಕ್ಕಿತಾ, ಸಿಕ್ಕಿತು, ಅಷ್ಟೇ. ಕೊನೆಗೆ ನಾನೇ ಕಾಳಿನ ಹುಳಿ ಬಡಿಸುತ್ತಾ, "ಆ ಮೆತ್ತಗಿನ ಭಾಗ ಬೇಡವಂತೆ ಇವರಿಗೆ" ಎಂದೆ.

ಆಕೆ ಅನ್ನ ಕಲೆಸುವುದನ್ನು ನಿಲ್ಲಿಸಿದರು. "ಏನ್ ಸಾರ್ ಹಂಗಂತೀರಿ! ಆ ಹಾಡೇ ಅದು."

"ಅಲ್ಲ ಸಿಸ್ಟರ್, ಅಲ್ಲಿಗಂಟ ಬಂದ ಕಾವು ಆರೋಯ್ತದೆ."

"ಆರ್ಬೇಕು ಸಾರ್! ಆರಿದ್ರೆ ತಾನೆ ಆಮೇಲ್ ಬರೋ ಡ್ರಮ್ಮು ಎದೆಗೆ ಹೊಡಿಯೋದು!"

ಅಲ್ಲಿಂದ ಶುರುವಾದದ್ದು ಮೂರು ಗಂಟೆಯಾದರೂ ಮುಗಿಯಲಿಲ್ಲ. ಯಾರು ಕೂದಲು ಕತ್ತರಿಸಿದ ಮೇಲೆ ಕೆಟ್ಟರು, ಯಾವ ಆಲ್ಬಮ್ಮಿನಲ್ಲಿ ಡ್ರಮ್ಮಿನವನು ಬದಲಾದ, ಗಿಟಾರು ಬಿಟ್ಟು ಕಂಪ್ಯೂಟರಿನಲ್ಲಿ ಮಾಡಿದ್ದು ಸಂಗೀತವೋ ಅಲ್ಲವೋ. ಇಷ್ಟು ವರ್ಷದಲ್ಲಿ ಇವರು ಒಮ್ಮೆಗೇ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನನಗೆ ಸಂತೋಷವೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ಮೊದಲ ವರ್ಷ ಒಂದು ಮಾತು ಕೇಳಿ ಬಿಟ್ಟುಬಿಟ್ಟೆನಲ್ಲ, ಇನ್ನೊಂದು ಕೇಳಬಹುದಿತ್ತು ಅನ್ನಿಸಿತು.

ಹಾಗಾಗಿ ಆಕೆಯನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಹೋದಾಗ ನನಗೋಸ್ಕರ ಕೇಳಿದೆ, "ಕಂಪ್ಯೂಟರಿನಲ್ಲಿ ಮಾಡಿದ್ದು ಅಂದರಲ್ಲ, ಅದು ಹೇಗಿರುತ್ತದೆ?"

ಆಕೆ ಅವತ್ತೇ ಒಂದು ಆಲ್ಬಂ ಕಳಿಸಿದರು. ಅದರಲ್ಲಿ ಮಾತೇ ಇಲ್ಲ. ನೀರು ತೊಟ್ಟಿಕ್ಕುವಂಥ, ದೂರದಲ್ಲಿ ಪಂಪ್‌ಸೆಟ್ ಓಡುವಂಥ ಸದ್ದು, ಅದರ ಅಡಿಯಲ್ಲಿ ಬಿಡದೆ ಒಂದು ಬಡಿತ. ಇವರಿಗೆ ಹಿಡಿಸಲಿಲ್ಲ. "ಇದ್ರಲ್ಲಿ ಯಾರೂ ಇಲ್ವಲ್ಲ" ಎಂದರು. ಆಕೆ ಈಗ ಇವರಿಗೆ ಫೋನ್ ಮಾಡುವುದು ತಿಂಗಳಿಗೊಮ್ಮೆ, ಜಗಳವಾಡುವುದಕ್ಕೆ. ನನಗೆ ಮಾಡುವುದು ವಾರಕ್ಕೆರಡು ಸಲ.

ಆ ಆಲ್ಬಮ್ಮನ್ನು ನಾನು ಹನೂರಿನ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳುತ್ತೇನೆ. ಮೊನ್ನೆ ಕಂಡಕ್ಟರು ಭುಜ ತಟ್ಟಿದಾಗಲೇ ಗೊತ್ತಾಗಿದ್ದು, ಆತ ಆಗಲೇ ಮೂರು ಸಲ ಕರೆದಿದ್ದರಂತೆ.

"ಆಧಾರ್ ತೋರ್ಸಿ ಮೇಡಂ. ಯಾವ್ ಪಿಚ್ಚರ್ ಹಾಡು, ಅಷ್ಟೊಂದ್ ಮೈ ಮರ್ತು ಕೇಳ್ತಿದ್ರಿ?"

ಪಿಕ್ಚರಿನದಲ್ಲ ಎಂದು ಹೇಳಿ ಒಂದು ಇಯರ್‌ಫೋನ್ ತೆಗೆದು ಕೊಟ್ಟೆ. ಆತ ಕಿವಿಗಿಟ್ಟುಕೊಂಡು, ಕಂಬ ಹಿಡಿದು ನಿಂತು, ಸ್ವಲ್ಪ ಹೊತ್ತು ಕೇಳಿದರು.

"ಹಾಡೋದ್ ಯಾವಾಗ?" ಎಂದರು.

"ಹಾಡಲ್ಲ" ಎಂದೆ.

ಆತ ವಾಪಸ್ ಕೊಡಲಿಲ್ಲ. ಮುಂದಿನ ಸ್ಟಾಪು ಬರುವವರೆಗೆ ಹಾಗೇ ನಿಂತಿದ್ದರು.