ಮೊದಲ ಚೊಂಬು

ಚಿತ್ತವಾಡ್ಗಿಯ ನಮ್ಮ ಹಿತ್ತಲಲ್ಲಿ ಪುಟ್ಟದೊಂದು ಕಲ್ಲುಬಾನಿಯಿದೆ; ಅದರೊಳಗೆ ಒಂದು ಗೆಂಡೆ ಮೀನು. ನಲ್ಲಿ ಬಂದ ದಿನ ಮೊದಲ ಚೊಂಬು ನೀರು ಬಾನಿಗೆ, ಮೀನು ಎಂದಿನಂತೆ ಆಡಿಕೊಂಡಿದ್ದರೆ ಮಾತ್ರ ಉಳಿದದ್ದು ಅಡುಗೆಗೆ. ಇದು ನಮ್ಮ ಅತ್ತೆಯ ಕಾಲದಿಂದ ನಡೆದುಬಂದ ಶಾಸ್ತ್ರ. ವೈಷ್ಣವರ ಮನೆಯಲ್ಲಿ ಮೀನೇ ಎಂದು ನಕ್ಕವರಿಗೆ ಅತ್ತೆ, "ನಮ್ಮ ಸ್ವಾಮಿ ಮೊದಲ್ನೇ ಅವತಾರ ಏನ್ ಎತ್ತಿದ್ದ, ನೆನಪೈತೇನ್ರಿ?" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಆದ್ದರಿಂದ, ಸಂಡೂರಿನ ಆಚೆ ನನ್ನ ತಂಗಿಯಿರುವ ಊರಿಗೆ ನೀರು ಬಿಡುವ ಘಟಕದಲ್ಲಿ ಗಾಜಿನ ತೊಟ್ಟಿಗೆ ಮೀನು ಬಿಟ್ಟಿದ್ದಾರೆ, ಅವುಗಳ ಈಜನ್ನು ಕ್ಯಾಮೆರಾ ಮತ್ತು ಕಂಪ್ಯೂಟರ್ ಸದಾ ಗಮನಿಸುತ್ತವೆ, ಮೀನು ತತ್ತರಿಸಿದರೆ ಸೈರನ್ ಕೂಗಿ ಪಂಪು ತಾನಾಗಿ ನಿಲ್ಲುತ್ತದೆ ಎಂದು ಕೇಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಅತ್ತೆಯ ಕಣ್ಣಿಗೆ ಕಡೆಗೂ ಸರ್ಕಾರಿ ನೌಕರಿ ಸಿಕ್ಕಿತು ಎಂದುಕೊಂಡೆ. ತಂಗಿಯ ಮಗಳು ಸರೋಜ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು; ಅವಳು ಕುಡಿಯುವುದು ಅದೇ ನೀರು.

ಇವತ್ತು ಅವಳನ್ನು ನೋಡಲು ಹೋದರೆ ನಲ್ಲಿಯ ನೀರಿಗೆ ಎಂಥದೋ ವಾಸನೆ, ಕೊಡದ ತಳದಲ್ಲಿ ಅದಿರಿನ ಕೆಂಪು ಗಸಿ. ಹಾಗಾದರೆ ಸೈರನ್ ಏಕೆ ಕೂಗಲಿಲ್ಲ? ನೇರವಾಗಿ ಘಟಕಕ್ಕೇ ಹೋಗಿ ಕೇಳಿದೆ. ಅಲ್ಲಿನ ಎಂಜಿನಿಯರು ಮರ್ಯಾದಸ್ಥರೇ, ಕುರ್ಚಿ ಕೊಟ್ಟರು.

"ಕುಂದ್ರಿ ಅಮ್ಮಾರ. ಮೊದಲಿದ್ದ ಗೆಂಡಿ ಮೀನು ಭಾಳ ನಾಜೂಕ್ರಿ. ಮಳಿ ಆದ್ರ ಸಾಕು ಒದ್ದಾಡ್ತಿದ್ವು. ದಿನಾ ಸೈರನ್, ದಿನಾ ಪಂಪ್ ಬಂದ್, ಮ್ಯಾಲಿನವ್ರ ಫೋನು. ಅದಕ್ಕ ಮೀನ ಬದ್ಲಿ ಮಾಡೀವಿ. ಈಗ ನೋಡ್ರಿ, ಮಸ್ತ್ ಅದಾವ!"

ನೋಡಿದೆ. ಗಾಜಿನೊಳಗೆ ಮುರುಗೋಡು ಮೀನುಗಳು ಮೀಸೆ ಬಿಟ್ಟುಕೊಂಡು ಹಾಯಾಗಿದ್ದವು. ಕೆಸರಿನಲ್ಲೇ ಬಾಳಿ, ನೀರು ಕೆಟ್ಟರೆ ಮೇಲೆ ಬಂದು ಗಾಳಿ ನುಂಗಿ ಬದುಕುವ ಜಾತಿ ಅದು. ಕಂಪ್ಯೂಟರಿನ ಪರದೆ ಎಲ್ಲವೂ ಸರಿಯಿದೆಯೆಂದು ಹಸಿರು ತೋರಿಸುತ್ತಿತ್ತು.

ನನಗೆ ಮೈಯೆಲ್ಲ ಉರಿದುಹೋಯಿತು. ಯಂತ್ರದ ಮೇಲೆ ನನಗೆ ಕೋಪವಿಲ್ಲ, ಸ್ನೇಹಿತರೇ. ಪಾಪ, ಅದು ಕಂಡದ್ದನ್ನು ಕಂಡಂತೆ ಹೇಳುತ್ತಿದೆ. ಆದರೆ ಮಗು ಅಳುತ್ತಿದೆಯೆಂದು ಅದನ್ನೆತ್ತಿ ಆಚೆಗಿಟ್ಟು, ಅಳದ ಮಗುವೊಂದನ್ನು ತಂದು ತೊಟ್ಟಿಲಲ್ಲಿ ಮಲಗಿಸುವ ಈ ಬುದ್ಧಿಗೆ ಏನೆನ್ನಲಿ? ದೂರುವವರನ್ನು ಬದಲಾಯಿಸಿ ದೂರೇ ಇಲ್ಲವೆಂದು ನೆಮ್ಮದಿಪಡುವುದು ನಮ್ಮ ಕಚೇರಿಗಳಿಗೆ ಎಷ್ಟು ಸಲೀಸಾಗಿಬಿಟ್ಟಿದೆ! ನಮ್ಮ ಸರೋಜಳಿಗಾಗಲಿ, ಅವಳ ಹೊಟ್ಟೆಯೊಳಗಿನ ಕೂಸಿಗಾಗಲಿ ಮುರುಗೋಡಿನ ವಿದ್ಯೆ ಬರುವುದಿಲ್ಲ.

"ಹಂಗಾದ್ರ ಬಸುರಿ ಹೆಣ್ಮಕ್ಕಳನ್ನೂ ಬದ್ಲಿ ಮಾಡ್ತೀರೇನ್ರಿ?" ಎಂದು ಕೇಳಿದೆ. ಅವರು ಚಹಾ ತರಿಸಿದರು. ಯಾವ ನೀರಿನದೆಂದು ಕೇಳಿದ್ದಕ್ಕೆ, "ನಮಗ ಬಿಸ್ಲೇರಿ ಬರ್ತದ್ರಿ" ಎಂದರು. ನಾನು ಕುಡಿಯಲಿಲ್ಲ.

ಸರೋಜಳನ್ನು ಜೊತೆಗೇ ಕರೆತಂದೆ. ಊರನ್ನೆಲ್ಲ ಕರೆತರಲು ನನ್ನ ಮನೆ ಸಾಲದು. ಅಲ್ಲಿನ ನೀರನ್ನೂ ಒಂದು ಕ್ಯಾನು ತುಂಬಿ ತಂದಿದ್ದೆ, ನಮ್ಮ ಮೀನು ಏನನ್ನುತ್ತದೋ ನೋಡೋಣವೆಂದು.

ಮುಚ್ಚಳ ತೆಗೆದು ಬಾನಿಯ ಮೇಲೆ ಕ್ಯಾನು ಬಗ್ಗಿಸಹೋದೆ. ಗೆಂಡೆ ಎಂದಿನ ನಂಬಿಕೆಯಿಂದ ಬಾಯಿ ತೆರೆದು ಕೈಯತ್ತ ಬಂತು. ಇಷ್ಟು ವರ್ಷ ಮೊದಲ ಚೊಂಬನ್ನು ಅದಕ್ಕೇ ಸುರಿದ ಕೈ ಇವತ್ತು ಮುಂದಾಗಲಿಲ್ಲ. ಮುಚ್ಚಳ ಬಿಗಿದು ಕ್ಯಾನನ್ನು ಬಾಗಿಲ ಬಳಿ ಇಟ್ಟಿದ್ದೇನೆ, ಪಕ್ಕದಲ್ಲೊಂದು ತೊಳೆದ ಲೋಟ. ನಾಳೆ ಎರಡನ್ನೂ ಎಂಜಿನಿಯರ ಮೇಜಿನ ಮೇಲೆ ಇಡುತ್ತೇನೆ. ಇನ್ನು ಮೇಲೆ ಮೊದಲ ಚೊಂಬು ಅವರದು.