ನುಂಗದ ಗುಳಿಗೆ

ನನಗೆ ಗುಳಿಗೆ ಕೊಡುವುದನ್ನು ಸೊಸೆ ಗಿರಿಜಾ ಎಂದೂ ಮರೆತಿರಲಿಲ್ಲ. ನುಂಗದೆ ಇದ್ದವನು ನಾನು. ಇಷ್ಟನ್ನು ಹೇಳಲು ನನಗೆ ಎರಡು ವರ್ಷ ಹಿಡಿಯಿತು. ಅಷ್ಟು ದಿನವೂ ತಪ್ಪನ್ನು ಅವಳೇ ಹೊತ್ತಳು — ನಾನು ನೋಡುತ್ತಾ ಕುಳಿತಿದ್ದೆ.

ಸಂಡೂರಿನ ಗುಡ್ಡಗಳಲ್ಲಿ ಅದಿರಿನ ಲಾರಿ ಓಡಿಸಿ ಬಾಳು ಕಳೆದವನು ನಾನು. ಹೆಂಡತಿ ತೀರಿಕೊಂಡ ಮೇಲೆ ಹೊಸಪೇಟೆಗೆ, ಮಗ ಬಸವರಾಜನ ಮನೆಗೆ ಬಂದೆ. ಅವನಿಗೆ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಗಿರಿಜಾ ಓಣಿಯ ಶಾಲೆಯೊಂದರಲ್ಲಿ ಚಿಕ್ಕ ಮಕ್ಕಳಿಗೆ ಟೀಚರ್. ಬಂದ ವರ್ಷವೇ ನನಗೆ ಹಾರ್ಟ್ ಅಟ್ಯಾಕ್ ಆಯಿತು. ಸ್ಟೆಂಟ್ ಹಾಕಿ ಉಳಿಸಿದರು. ಕಂಡವರೆಲ್ಲ ಗಂಡಾಂತರ ಕಳೆಯಿತು ಎಂದರು. ನನಗೆ ಮಾತ್ರ — ಹೇಗೆ ಹೇಳಲಿ — ಎಲ್ಲವೂ ಮುಗಿದುಹೋದಂತೆ ಅನ್ನಿಸುತ್ತಿತ್ತು. ರೊಟ್ಟಿ ಬಾಯಲ್ಲಿ ತಿರುಗುತ್ತಿರಲಿಲ್ಲ. ಎದೆಯಲ್ಲಿ ಚುಳ್ ಎಂದರೂ ಕೈಕಾಲು ತಣ್ಣಗಾಗುತ್ತಿದ್ದವು. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ.

ಗಿರಿಜಾ ದಿನವೂ ಶಾಲೆಗೆ ಹೊರಡುವ ಮುಂಚೆ ಗುಳಿಗೆಗಳನ್ನು ಪಟ್ಟಿಯಿಂದ ಕತ್ತರಿಸಿ ನನ್ನ ತಟ್ಟೆಯ ಪಕ್ಕದಲ್ಲಿ ಇಡುತ್ತಿದ್ದಳು. ಅವಳು ಗೇಟು ದಾಟಿದ ಮೇಲೆ ನಾನು ಅವನ್ನು ಮತ್ತೆ ಔಷಧಿ ಡಬ್ಬಿಯ ತಳಕ್ಕೆ, ಪಟ್ಟಿಗಳ ಅಡಿಗೆ ಹಾಕುತ್ತಿದ್ದೆ. ಸಾಯಬೇಕೆಂದೇ? ಗೊತ್ತಿಲ್ಲ. ಬದುಕುವುದಕ್ಕಾಗಿ ಕೈ ಎತ್ತುವಷ್ಟೂ ಮನಸ್ಸಿರಲಿಲ್ಲ — ಅಷ್ಟು ನಿಜ.

ಎರಡನೆಯ ಸಲ ಅಟ್ಯಾಕ್ ಆಗಿ ಬಿದ್ದಾಗ ಡಾಕ್ಟರು ಔಷಧಿ ಸರಿಯಾಗಿ ನಡೆದಿತ್ತೇ ಎಂದು ಕೇಳಿದರಂತೆ. ಬಸವರಾಜ ಮನೆಗೆ ಹೋಗಿ ಡಬ್ಬಿ ತೆರೆದಿದ್ದಾನೆ. ಅದನ್ನು ಹಿಡಿದುಕೊಂಡೇ ಆಸ್ಪತ್ರೆಗೆ ಮರಳಿ ಬಂದವನು ನನ್ನ ಮಂಚದ ಪಕ್ಕದಲ್ಲೇ, ಮರಿಯಮ್ಮನಹಳ್ಳಿಯಿಂದ ಬಂದಿದ್ದ ನನ್ನ ತಂಗಿ ಶಾಂತಮ್ಮನ ಎದುರಿಗೇ, ಹೆಂಡತಿಯನ್ನು ಕೇಳಿದ.

"ಮುದುಕಗ ಎರಡು ಗುಳಿಗಿ ಕೊಡಾಕ ಆಗ್ಲಿಲ್ಲೇನು ನಿನಗ?"

"ದಿನಾ ಕೊಟ್ಟೀನ್ರಿ."

"ಮತ್ತ ಡಬ್ಬಿ ತುಂಬ ಅದಾವಲ್ಲ, ಅವೇನು?"

ಗಿರಿಜಾ ಡಬ್ಬಿಯನ್ನೇ ನೋಡುತ್ತಾ ನಿಂತಳು. ಆಮೇಲೆ ಸಣ್ಣ ದನಿಯಲ್ಲಿ, "ಕೊಟ್ಟಿದ್ದೆ ಅನ್ಸತೈತ್ರಿ..." ಎಂದಳು.

ನನಗೆ ಎಲ್ಲವೂ ಕೇಳಿಸುತ್ತಿತ್ತು. ಮೂಗು ಬಾಯಿಗೆ ಆಕ್ಸಿಜನ್ ಹಾಕಿದ್ದರು, ಮಾತಾಡಲಾಗುತ್ತಿರಲಿಲ್ಲ. ಆದರೆ ಮರುದಿನ ಅದನ್ನು ತೆಗೆದರು — ಆಗಲೂ ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ ಯಾಕೆ ನುಂಗಲಿಲ್ಲ ಎಂದು ಕೇಳುತ್ತಾರೆ. ಹುಚ್ಚ ಎನ್ನುತ್ತಾರೆ. ಆ ಹೆದರಿಕೆಗೆ ಅವಳನ್ನು ಬಲಿಕೊಟ್ಟೆ.

ಗಿರಿಜಾ ಶಾಲೆ ಬಿಟ್ಟಳು. ಗುಳಿಗೆಯನ್ನು ತಾನೇ ನನ್ನ ಬಾಯಿಗೆ ಹಾಕಿ, ನುಂಗುವವರೆಗೂ ನಿಲ್ಲುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮತ್ತೆ ಬಂದು, "ಕೊಟ್ಟೆ ಅಲ್ರಿ ಮಾವಾರ?" ಎನ್ನುತ್ತಿದ್ದಳು. ಗ್ಯಾಸ್ ಆರಿಸಿ ಬಂದವಳು ಮತ್ತೆ ನೋಡಲು ಹೋಗುತ್ತಿದ್ದಳು. ಬೀಗ ಹಾಕಿ ನಾಲ್ಕು ಹೆಜ್ಜೆ ನಡೆದು ತಿರುಗುತ್ತಿದ್ದಳು. ಅವಳು ತನ್ನನ್ನು ತಾನೇ ನಂಬುವುದನ್ನು ಬಿಟ್ಟಿದ್ದಳು. ಇದನ್ನೂ ನೋಡುತ್ತಾ ಕುಳಿತಿದ್ದೆ.

ಕಳೆದ ಬೇಸಿಗೆಯಲ್ಲಿ ತಪಾಸಣೆಗೆ ಹೋದಾಗ ಹೊಸ ಡಾಕ್ಟರಮ್ಮ ಇದ್ದರು. ಎದೆ ನೋಡಿದ ಮೇಲೆ, "ಮನಸ್ಸು ಹೆಂಗೈತ್ರಿ ಅಜ್ಜಾರ?" ಎಂದು ಕೇಳಿದರು. ಅಲ್ಲಿಯವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಅಳು ಬಂತು, ಅಳುವಿನೊಡನೆ ಎಲ್ಲವೂ ಹೊರಬಂತು — ಡಬ್ಬಿಯೂ. ಗಿರಿಜಾ ಪಕ್ಕದ ಕುರ್ಚಿಯಲ್ಲಿದ್ದಳು. ಹಾರ್ಟ್ ಅಟ್ಯಾಕ್ ಆದ ಎಷ್ಟೋ ಮಂದಿಗೆ ಮನಸ್ಸೂ ಹೀಗೆ ಕುಸಿಯುತ್ತದೆ, ಇದೂ ಕಾಯಿಲೆಯೇ, ಇದಕ್ಕೂ ಔಷಧಿ ಇದೆ ಎಂದು ಡಾಕ್ಟರಮ್ಮ ಹೇಳುತ್ತಿದ್ದರು. ನನ್ನ ಕಿವಿಗೆ ಬಿದ್ದದ್ದು ಗಿರಿಜಾಳ ಮಾತು ಮಾತ್ರ.

"ಹಂಗಾರ ನಾ ಮರ್ತಿರಲಿಲ್ಲೇನ್ರಿ?"

"ಇಲ್ಲವ್ವಾ. ತಪ್ಪು ನಂದು."

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಆಟೋದಲ್ಲಿ ಮನೆ ಹತ್ತಿರ ಬಂದಾಗ ಒಂದೇ ಮಾತು ಹೇಳಿದಳು: "ಅವತ್ತ ಒಂದು ಮಾತು ಅಂದಿದ್ರ ಸಾಕಿತ್ರಿ."

ಸಂಜೆ ಬಸವರಾಜನಿಗೂ ಹೇಳಿದೆ. ಅವನು ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತ. ಅವಳು ರೊಟ್ಟಿ ಬಡಿಯುತ್ತಿದ್ದಳು, ತಿರುಗಿ ನೋಡಲಿಲ್ಲ. ಮರುದಿನ ಕಂಪ್ಲಿಯ ತವರಿಗೆ ಹೋಗಿ, ಒಂದಷ್ಟು ದಿನ ಇದ್ದು ಬಂದಳು. ಶಾಲೆಯಲ್ಲಿ ಅವಳ ಜಾಗಕ್ಕೆ ಬೇರೆಯವರು ಬಂದಿದ್ದರು. ಈಗ ಮನಸ್ಸಿಗೂ ಗುಳಿಗೆ ನುಂಗುತ್ತೇನೆ. ಕೆಲವು ಬೆಳಗುಗಳು ಹಗುರಾಗಿರುತ್ತವೆ. ಅವಳು ಮಾತ್ರ ಇನ್ನೂ ಬೀಗವನ್ನು ಎರಡು ಸಲ ಎಳೆದು ನೋಡುತ್ತಾಳೆ.

ಸೊಸೆ ಗುಳಿಗೆ ಕೊಡಲಿಲ್ಲವೆಂಬ ಸುದ್ದಿಯನ್ನು ಶಾಂತಮ್ಮ ಆಗಲೇ ಬಂಧುಬಳಗಕ್ಕೆಲ್ಲ ಹಂಚಿದ್ದಳು. ಮೊನ್ನೆ ಮರಿಯಮ್ಮನಹಳ್ಳಿಗೆ ಹೋಗಿ, ಅವಳ ಎದುರು ಕುಳಿತು ನಡೆದದ್ದನ್ನೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಚಹಾ ತಂದಿಟ್ಟಳು.

"ಇರ್ಲಿ ಬಿಡಣ್ಣ," ಎಂದಳು. "ಸೊಸಿ ಮರ್ಯಾದಿ ಉಳಿಸಾಕ ಹಿಂಗ ಹೇಳಾಕತ್ತಿ ಅಂತ ನಂಗೊತ್ತಿಲ್ಲೇನು?"

ಮತ್ತೆ ಹೇಳಿದೆ. ಮತ್ತೂ ಹೇಳಿದೆ. ಅವಳು ನನ್ನನ್ನು ದೊಡ್ಡ ಮನಸ್ಸಿನವನು ಎಂದಳು.