ಕ್ಲಚ್ ಗಂಗಣ್ಣ

ಗಂಗಣ್ಣ ಟ್ರ್ಯಾಕ್ಟರನ್ನು ಆಮೇಲೆ ನೋಡುತ್ತಿದ್ದ. ಮೊದಲು ನೋಡುತ್ತಿದ್ದದ್ದು ಡ್ರೈವರನ ಎಡಗಾಲಿನ ಚಪ್ಪಲಿ. "ಬಿಚ್ಚೋ, ಕೊಡಿಲ್ಲಿ" ಎಂದು ಇಸಿದುಕೊಂಡು, ಮಗುಚಿ ಹಿಡಿದು, ಅಟ್ಟೆಯ ಮೇಲೆ ಹೆಬ್ಬೆರಳು ಆಡಿಸುತ್ತಿದ್ದ. ನಡುಭಾಗ ಸವೆದಿದ್ದರೆ ಮುಗಿಯಿತು. "ಕ್ಲಚ್ ಪೆಡಲ್ ಮೇಲೇ ಕಾಲಿಟ್ಕೊಂಡು ಓಡಿಸ್ತೀಯ ನೀನು. ಅದೇನು ನಿಮ್ಮತ್ತೆ ಮನೆ ಜಗಲಿನಾ?" ಸುತ್ತ ನಿಂತವರು ನಗುತ್ತಿದ್ದರು. ನಾನೂ ಎಷ್ಟೋ ಸಲ ನಕ್ಕಿದ್ದೇನೆ.

ಕೆಂಗೇರಿ ರೈಲ್ವೆ ಸ್ಟೇಷನ್ ಹಿಂದೆ ಅವನ ತಗಡಿನ ಶೆಡ್ಡು. ಹೊಲಗಳೆಲ್ಲ ಲೇಔಟ್ ಆದ ಮೇಲೂ ನರ್ಸರಿಗಳ, ಸೊಪ್ಪಿನ ತೋಟಗಳ ಮಿನಿ ಟ್ರ್ಯಾಕ್ಟರುಗಳು ಅಲ್ಲಿಗೇ ಬರುತ್ತಿದ್ದವು. ನಾನು ಮೈಸೂರು ರಸ್ತೆಯ ಒಂದು ನರ್ಸರಿಯಲ್ಲಿ ಡ್ರೈವರ್ ಆಗಿದ್ದೆ. ಟ್ರ್ಯಾಕ್ಟರ್ ಬಗ್ಗೆ ನನಗೆ ಗೊತ್ತಿರುವುದೆಲ್ಲ ಗಂಗಣ್ಣ ಬೈದು ಬೈದು ಕಲಿಸಿದ್ದು.

"ಗೇರ್ ಹಾಕೋವಾಗ ಕರಕರ ಅಂದ್ರೆ ಕ್ಲಚ್ ಬಿಡ್ತಾ ಇಲ್ಲ ಅಂತ. ಇಂಜಿನ್ ಕೂಗ್ತದೆ, ಗಾಡಿ ಮುಂದಕ್ಕೆ ಹೋಗಲ್ಲ ಅಂದ್ರೆ ಹಿಡೀತಾ ಇಲ್ಲ ಅಂತ. ಎರಡಕ್ಕೂ ಒಂದೇ ಮಾತ್ರೆ ಕೊಡೋನು ಮೆಕ್ಯಾನಿಕ್ ಅಲ್ಲ ಕಣೋ" ಎನ್ನುತ್ತಿದ್ದ. ಬ್ರೇಕ್ ಒತ್ತಿಸಿ, ದೊಡ್ಡ ಗೇರಿಗೆ ಹಾಕಿಸಿ, ನಿಧಾನವಾಗಿ ಕ್ಲಚ್ ಬಿಡಿಸುತ್ತಿದ್ದ. ಇಂಜಿನ್ ಗಕ್ಕನೆ ಆಫ್ ಆದರೆ ಸರಿ. ಓಡುತ್ತಲೇ ಇದ್ದರೆ ಕ್ಲಚ್ಚಿನ ಪ್ಲೇಟು ಜಾರುತ್ತಿದೆ. ಟೀ ಕುಡಿಸಿ ಇದನ್ನೆಲ್ಲ ಹೇಳಿಕೊಟ್ಟ ಮನುಷ್ಯ. ಅದಕ್ಕೇ ಹೊಟ್ಟೆ ಉರಿಯುವುದು.

ಕ್ಲಚ್ ಕಣ್ಣಿಗೆ ಕಾಣಬೇಕಾದರೆ ಟ್ರ್ಯಾಕ್ಟರನ್ನು ನಡುವಿಗೆ ಬಿಚ್ಚಿ ಎರಡು ಭಾಗ ಮಾಡಬೇಕು. ಬೇರೆ ಮೆಕ್ಯಾನಿಕ್‌ಗಳು ಬಿಚ್ಚಿ ಹೇಳುತ್ತಿದ್ದರು, ಗಂಗಣ್ಣ ಹೇಳಿ ಬಿಚ್ಚುತ್ತಿದ್ದ. ಆ ಜಂಬ ಅವನಿಗೆ ವಿಪರೀತವಿತ್ತು.

ಒಂದು ದಿನ ನಮ್ಮ ನರ್ಸರಿಯ ಟ್ರ್ಯಾಕ್ಟರ್ ಗೊಬ್ಬರದ ಟ್ರೈಲರ್ ಎಳೆಯಲಾರದೆ ನಿಂತಿತು. ಮೂಗಿಗೆ ಬಡಿಯುವ ಸುಟ್ಟ ವಾಸನೆ. ಹೊಸ ಪ್ಲೇಟು ಹಾಕಿಸಿ ಹೆಚ್ಚು ಕಾಲವಾಗಿರಲಿಲ್ಲ. ಓನರ್ ಕೃಷ್ಣಪ್ಪನವರು ತಾವೇ ಜೊತೆಗೆ ಬಂದರು. "ಡ್ರೈವರ್ ತಪ್ಪು ಅಂತಾದ್ರೆ ಇವತ್ತೇ ಕೊನೆ ನೋಡು" ಎಂದು ದಾರಿಯಲ್ಲೇ ಹೇಳಿಬಿಟ್ಟಿದ್ದರು.

ಗಂಗಣ್ಣ ಗೇರಿನ ಪರೀಕ್ಷೆ ಮಾಡಿದ. ಪ್ಲೇಟು ಜಾರುತ್ತಿದ್ದದ್ದು ನಿಜ. ನಾನು ಸುಮ್ಮನಿರಲಾರದೆ, "ಗಂಗಣ್ಣ, ಕೆಳಗಡೆ ಎಣ್ಣೆ ತೊಟ್ಟಿಕ್ತಾ ಇದೆ. ಇಂಜಿನ್ ಹಿಂದಿನ ಸೀಲ್ ಹೋಗಿ ಪ್ಲೇಟಿಗೆ ಎಣ್ಣೆ ಬಿದ್ದಿರಬಹುದು" ಎಂದೆ. ಅವನೇ ಕಲಿಸಿದ್ದ ಪಾಠ. ಜನರ ಎದುರಿಗೆ ಅವನಿಗಿಂತ ಮೊದಲು ನಾನು ಹೇಳಿದ್ದು ಚುರುಕ್ ಅಂದಿರಬೇಕು.

"ಚಪ್ಪಲಿ ಬಿಚ್ಚು" ಎಂದ.

ಬಿಚ್ಚಿದೆ. ಅಟ್ಟೆ ನಡುವಿಗೆ ಸವೆದು ಹಪ್ಪಳವಾಗಿತ್ತು.

"ನೋಡಿ ಸಾರ್, ಎಣ್ಣೆಯಂತೆ ಎಣ್ಣೆ! ನಿಮ್ಮ ಪ್ಲೇಟು ತಿಂದಿರೋದು ಈ ಕಾಲು."

"ಅಯ್ಯೋ, ಅದು ನಮ್ಮ ಭಾವನ ಚಪ್ಪಲಿ ಗಂಗಣ್ಣ! ಅವರು ಸ್ಕೂಲ್ ವ್ಯಾನ್ ಓಡಿಸ್ತಾರೆ, ಈ ಟ್ರಾಫಿಕ್‌ನಲ್ಲಿ ಕ್ಲಚ್ ಮೇಲಿಂದ ಕಾಲು ತೆಗೆಯೋಕಾಗುತ್ತಾ? ಹೊಸದು ತಗೊಂಡ್ರು, ಹಳೇದು ನನಗೆ ಕೊಟ್ರು."

ಶೆಡ್ಡು ಹಾರಿಹೋಗುವಂತೆ ನಕ್ಕರು. ಕೃಷ್ಣಪ್ಪನವರೂ ನಕ್ಕರು. "ಚೆನ್ನಾಗಿ ಕತೆ ಕಟ್ತೀಯ ಕಣಯ್ಯ" ಎಂದವರು, ನಾಳೆಯಿಂದ ಬರಬೇಡ ಎಂದರು. ಸತ್ಯ ಹೇಳಿ ನಗೆಪಾಟಲಾಗುವುದು ಏನೆಂದು ನನಗೆ ಅವತ್ತು ಗೊತ್ತಾಯಿತು. "ಬಿಚ್ಚಿ ನೋಡಿ ಹೇಳಿ ಗಂಗಣ್ಣ, ನನ್ನ ಕೆಲಸ ಹೋಗುತ್ತೆ" ಎಂದು ಅಂಗಲಾಚಿದೆ.

"ನಾನು ಹೇಳಿದ ಮೇಲೆ ನೋಡೋದೇನಿದೆ?" ಎಂದು ಸ್ಪ್ಯಾನರ್ ಒರೆಸತೊಡಗಿದ.

ಅವನ ಮಾತು ಕುಂಬಳಗೋಡಿನ ತನಕ ಎಲ್ಲ ನರ್ಸರಿಗಳಿಗೂ ಮುಟ್ಟಿತು. ಕ್ಲಚ್ ಸುಡುವವನ ಕೈಗೆ ಯಾರು ಟ್ರ್ಯಾಕ್ಟರ್ ಕೊಡುತ್ತಾರೆ? ಈಗ ರಾಜರಾಜೇಶ್ವರಿನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯೂರಿಟಿ. ಕಾರು ಬಂದರೆ ಗೇಟು ತೆಗೆಯುವುದು, ಹೋದರೆ ಹಾಕುವುದು. ಮಣ್ಣಿನ ಕೆಲಸ ನನಗೆ ಬಹಳ ಇಷ್ಟವಿತ್ತು.

ಗಂಗಣ್ಣ ಹಾಸಿಗೆ ಹಿಡಿದಿದ್ದಾನೆಂದು ತಿಳಿದು, ಹೋಗಬಾರದು ಎಂದುಕೊಂಡೇ ಕೆಂಗೇರಿ ಉಪನಗರದ ಅವನ ಮನೆಗೆ ಹೋದೆ. ಹೆಂಡತಿ ಜಯಮ್ಮ ಕಾಫಿ ಮಾಡಲು ಒಳಗೆ ಹೋದದ್ದೇ ತಡ, ಗಂಗಣ್ಣ ನನ್ನ ಕೈ ಹಿಡಿದುಕೊಂಡ.

"ಎಣ್ಣೆನೇ ಇತ್ತು ಕಣೋ ಮಹೇಶ. ಬಿಚ್ಚಿದ ತಕ್ಷಣ ನೋಡ್ದೆ. ಪ್ಲೇಟು ನೆಂದು ತೊಪ್ಪೆ ಆಗಿತ್ತು. ಸೀಲ್ ಬದಲಾಯಿಸಿ, ಎಲ್ಲಾ ತೊಳ್ದು, ಸುಮ್ನಾಗ್ಬಿಟ್ಟೆ."

"ಹಾಗಾದ್ರೆ ಕೃಷ್ಣಪ್ಪನವರಿಗೆ ಒಂದು ಮಾತು ಹೇಳಿಬಿಡಿ ಅಣ್ಣ. ಈಗ್ಲೇ ಫೋನ್ ಹಚ್ಚಿ ಕೊಡ್ತೀನಿ."

ಕೈ ಬಿಟ್ಟ. ಗೋಡೆಯ ಕಡೆ ಹೊರಳಿದ. "ಆಗಿಹೋದ ಮಾತು ಬಿಡೋ. ಇನ್ನೆಷ್ಟು ದಿನ ಇರ್ತೀನಿ ನಾನು? ಇರೋ ಹೆಸರು ಇರ್ಲಿ."

ನನಗೂ ಒಂದು ಹೆಸರಿತ್ತಲ್ಲ ಎಂದು ಕೇಳಬೇಕೆಂದಿದ್ದೆ. ಜಯಮ್ಮ ಕಾಫಿ ತಂದರು. ಕುಡಿದು ಎದ್ದು ಬಂದೆ.

ಗಂಗಣ್ಣನ ತಿಥಿಯ ಊಟಕ್ಕೆ ಕೃಷ್ಣಪ್ಪನವರೂ ಬಂದಿದ್ದರು. ಬಂದು ನನ್ನ ಪಕ್ಕದಲ್ಲೇ ಕೂತರು. ಹಳೆಯದೆಲ್ಲ ಮರೆತವರಂತೆ ಬೆನ್ನು ತಟ್ಟಿದರು. "ಎಂಥಾ ಮೆಕ್ಯಾನಿಕ್ ಕಣಯ್ಯ! ಒಂದೇ ಒಂದು ಸಲ ತಪ್ಪು ಹೇಳಿದ್ದಿಲ್ಲ. ನೀನೇ ಹೇಳು, ಹೇಳಿದ್ನಾ?"

ಶಾಮಿಯಾನದ ಕಂಬಕ್ಕೆ ಒರಗಿ ನಿಂತಿದ್ದ ಜಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನನ್ನ ಬಾಯನ್ನೇ ನೋಡಿದರು.

"ಇಲ್ಲ ಸಾರ್" ಎಂದೆ. "ಒಂದು ಸಲಾನೂ ಇಲ್ಲ."